ಪೆನ್ಸಿಲ್ ಹಿಡಿದು ಓಡಿಸುವ ಕಂಪ್ಯೂಟರ್

ಕೇಳುಗರಿಗೆಲ್ಲ ನಮಸ್ಕಾರ. ಪಕ್ಕದಲ್ಲಿ ಪೆನ್ಸಿಲ್ಲು, ಕಾಗದ ಇದ್ದರೆ ಎತ್ತಿಕೊಳ್ಳಿ. ಇವತ್ತು ನಾವು ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಕಂಪ್ಯೂಟರಿಗೆ ಒಂದೊಂದೇ ಪುಟ್ಟ ಆಜ್ಞೆ ಕೊಡುವ ಭಾಷೆಯಲ್ಲಿ, ಒಂದು ಪ್ರೋಗ್ರಾಂ ಬರೆಯೋಣ.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರಿಗೆ ಅಸೆಂಬ್ಲಿ ಅಂದ ಕೂಡಲೇ 8085 ನೆನಪಾಗುತ್ತದೆ. ಇಂಟೆಲ್ ಕಂಪನಿ 1976ರಲ್ಲಿ ತಂದ ಚಿಪ್ ಅದು. ಒಳ್ಳೆಯ ಚಿಪ್ಪೇ. ಆದರೆ ಹೆಕ್ಸ್ ಎಂಬ ಹದಿನಾರರ ಲೆಕ್ಕ, ಸಂಖ್ಯೆ ಇಡುವ ಅಷ್ಟೊಂದು ರಿಜಿಸ್ಟರು, ಲೆಕ್ಕದ ಫಲ ಹೇಗಿದೆ ಅಂತ ತೋರಿಸುವ ಫ್ಲ್ಯಾಗು ಎಲ್ಲ ಒಟ್ಟಿಗೇ ಬಂದರೆ ಹೊಸಬರಿಗೆ ಭಾರ ಜಾಸ್ತಿ. ಅವರು ಇನ್ನೂ ಸಣ್ಣದರಿಂದ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಅಂಥದ್ದೊಂದು ಇದೆ. 1965ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸ್ಟುವರ್ಟ್ ಮ್ಯಾಡ್ನಿಕ್ ಮತ್ತು ಜಾನ್ ಡೊನೊವನ್ ಪಾಠಕ್ಕೆಂದೇ ರೂಪಿಸಿದ ಕಲ್ಪನೆಯ ಯಂತ್ರ, ಲಿಟಲ್ ಮ್ಯಾನ್ ಕಂಪ್ಯೂಟರ್. ಒಳಗೊಬ್ಬ ಪುಟ್ಟ ಮನುಷ್ಯ ಕೂತಿದ್ದಾನೆ ಅಂದುಕೊಳ್ಳಿ. ಅವನ ಮುಂದೆ 00ರಿಂದ 99ರವರೆಗೆ ನೂರು ಅಂಚೆ ಗೂಡುಗಳು. ಒಂದೊಂದರಲ್ಲೂ ಮೂರಂಕಿಯ ಒಂದು ಸಂಖ್ಯೆ. ಕೈಯಲ್ಲೊಂದು ಕ್ಯಾಲ್ಕುಲೇಟರ್, ಅದೇ ಅಕ್ಯುಮ್ಯುಲೇಟರ್. ಮುಂದೆ ಯಾವ ಗೂಡು ನೋಡಬೇಕು ಅಂತ ತೋರಿಸಲು ಒಂದು ಕೌಂಟರ್. ಲೆಕ್ಕದಲ್ಲಿ ಅವನಿಗೆ ಬರುವುದು ಕೂಡುವುದು, ಕಳೆಯುವುದು ಮಾತ್ರ.

ಈಗ ಬರೆದುಕೊಳ್ಳಿ. ಗೂಡು 00ರಲ್ಲಿ 901. ಹೊರಗಿನಿಂದ ಒಂದು ಸಂಖ್ಯೆ ತಗೋ. 01ರಲ್ಲಿ 902. ಕೈಯಲ್ಲಿರುವುದನ್ನು ಹೊರಗೆ ತೋರಿಸು. 02ರಲ್ಲಿ 705. ಕೈಯಲ್ಲಿ ಸೊನ್ನೆ ಇದ್ದರೆ 05ಕ್ಕೆ ಹೋಗು. 03ರಲ್ಲಿ 206. ಗೂಡು 06ರಲ್ಲಿರುವುದನ್ನು ಕೈಯಲ್ಲಿರುವುದರಿಂದ ಕಳೆ. 04ರಲ್ಲಿ 601. ಏನೂ ನೋಡದೆ 01ಕ್ಕೆ ವಾಪಸ್ ಹೋಗು. 05ರಲ್ಲಿ 000. ನಿಲ್ಲು. 06ರಲ್ಲಿ 001. ಇದು ಆಜ್ಞೆಯಲ್ಲ, ಒಂದು ಎಂಬ ಸಂಖ್ಯೆ ಅಷ್ಟೇ.

206ರಲ್ಲಿ ಎರಡು ಅಂದರೆ ಕಳೆ, 06 ಅಂದರೆ ಯಾವ ಗೂಡಿನಲ್ಲಿರುವುದನ್ನು. ಅಸೆಂಬ್ಲಿಯಲ್ಲಿ ಇದನ್ನೇ ಸಬ್ ಅಂತ ಬರೆಯುತ್ತೇವೆ. ಅದನ್ನು ಸಂಖ್ಯೆ ಮಾಡುವ ಕೆಲಸ ಅಸೆಂಬ್ಲರ್‌ನದು.

ಈಗ ಕಾಗದದ ಮೇಲೆ ಗೀಟು ಎಳೆದು ಮೂರು ಕಾಲಂ ಮಾಡಿ: ಕೌಂಟರ್, ಕೈಯಲ್ಲಿರುವುದು, ಹೊರಗೆ ಬಂದದ್ದು. ಮೂರು ಕೊಟ್ಟು ಓಡಿಸಿ. ಮೂರು ಹೊರಗೆ ಬಂತು. ಸೊನ್ನೆಯಲ್ಲ, ಹಾಗಾಗಿ ಒಂದು ಕಳೆದು ಎರಡು. ವಾಪಸ್ 01. ಹೀಗೇ ಮೂರು, ಎರಡು, ಒಂದು, ಸೊನ್ನೆ ಬಂದು ನಿಲ್ಲುತ್ತದೆ. ಈಗ 01 ಮತ್ತು 02ರಲ್ಲಿ ಇರುವುದನ್ನು ಅದಲುಬದಲು ಮಾಡಿ ನೋಡಿ. ಕೊನೆಯ ಸೊನ್ನೆ ಬರುವುದೇ ಇಲ್ಲ! ತೋರಿಸುವ ಮೊದಲೇ ಅವನು 05ಕ್ಕೆ ಹೋಗಿಬಿಟ್ಟಿರುತ್ತಾನೆ.

ನನಗೆ ತುಂಬಾ ಇಷ್ಟವಾದ ವಿಷಯ ಇನ್ನೊಂದಿದೆ. 901 ಆಜ್ಞೆಯೋ, ಸಂಖ್ಯೆಯೋ? ಗೂಡನ್ನು ನೋಡಿ ಹೇಳಲಾಗುವುದಿಲ್ಲ. ಕೌಂಟರ್ ಅಲ್ಲಿಗೆ ಕರೆದೊಯ್ದರೆ ಅದು ಆಜ್ಞೆ. 500 ಅಂತ ಬರೆದು, 00ರಲ್ಲಿರುವುದನ್ನು ಕೈಗೆ ತಗೋ ಅಂದರೆ ಅದೇ 901 ಬರೀ ಸಂಖ್ಯೆ. ಅದಕ್ಕೆ ಒಂದು ಕೂಡಿಸಿ, 300 ಅಂತ ಹೇಳಿ ಅದೇ ಗೂಡಿಗೆ ವಾಪಸ್ ಇಡಿ. ಈಗ ಅಲ್ಲಿರುವುದು 902. ಸಂಖ್ಯೆ ತಗೋ ಅನ್ನುತ್ತಿದ್ದ ಗೂಡು, ತೋರಿಸು ಅನ್ನುತ್ತಿದೆ. ಪ್ರೋಗ್ರಾಂ ತನ್ನನ್ನು ತಾನೇ ತಿದ್ದಿಕೊಂಡಿತು, ಅಲ್ವಾ? ಆಜ್ಞೆ, ಮಾಹಿತಿ ಎರಡಕ್ಕೂ ಒಂದೇ ಮೆಮೊರಿ ಎಂಬ ಈ ವಿಚಾರವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1945ರ ತಮ್ಮ ವರದಿಯಲ್ಲಿ ವಿವರಿಸಿದ್ದರು. ನಿಮ್ಮ ಜೇಬಿನ ಫೋನಿನಲ್ಲೂ ಪ್ರೋಗ್ರಾಂ, ಫೋಟೋ ಎಲ್ಲ ಕೂರುವುದು ಒಂದೇ ಮೆಮೊರಿಯಲ್ಲಿ.

ಈ ಕಂಪ್ಯೂಟರನ್ನು ಪರದೆಯ ಮೇಲೆ ಅನುಕರಿಸುವ, ಬ್ರೌಸರ್‌ನಲ್ಲೇ ನಡೆಯುವ ಸಿಮ್ಯುಲೇಟರ್‌ಗಳು ಪುಕ್ಕಟೆ ಸಿಗುತ್ತವೆ. ಮೇಷ್ಟ್ರುಗಳಲ್ಲಿ, ಮಕ್ಕಳಲ್ಲಿ ನನ್ನದೊಂದು ಕೋರಿಕೆ. ಇಡೀ ಪ್ರೋಗ್ರಾಂ ಒಮ್ಮೆಗೇ ಓಡಿಸುವ ರನ್ ಒತ್ತಬೇಡಿ, ಒಂದೊಂದೇ ಆಜ್ಞೆ ನಡೆಸುವ ಸ್ಟೆಪ್ ಒತ್ತಿ. ಒತ್ತುವ ಮೊದಲು ಮುಂದೇನು ಬರುತ್ತದೆ ಅಂತ ಕಾಗದದಲ್ಲಿ ಬರೆದಿಡಿ. ಪರದೆಗೂ ಕಾಗದಕ್ಕೂ ಹೊಂದದ ಸಾಲು ಸಿಕ್ಕರೆ ಅಲ್ಲೇ ನಿಂತು ಯೋಚಿಸಿ. ಕಲಿಕೆ ಇರುವುದು ಆ ಸಾಲಿನಲ್ಲಿ.

ನಾಲ್ಕು ಮೂರಲ ಎಷ್ಟು ಅಂತ ಈ ಪುಟ್ಟ ಮನುಷ್ಯನಿಗೆ ಗೊತ್ತಿಲ್ಲ. ಮೊತ್ತಕ್ಕೆ ಒಂದು ಗೂಡು, ಇನ್ನೆಷ್ಟು ಸಲ ಕೂಡಬೇಕು ಅನ್ನುವುದಕ್ಕೆ ಇನ್ನೊಂದು ಗೂಡು ಇಟ್ಟುಕೊಂಡು ನೀವೇ ಅವನಿಗೆ ಕಲಿಸಿ. ನಮಸ್ಕಾರ.