ಮಳೆಗಾಲಕ್ಕೆ ಸ್ಕಾಟ್ ವಾಕರ್: ಕೇಳೋದು ಹೇಗೆ, ಮಾಡಿ ನೋಡೋದು ಹೇಗೆ

ಕಾರವಾರದ ಬೈತಖೋಲ ಬಂದರು ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಡ ಹಿಡಿದಿವೆ, ಇಂಜಿನ್ ಸದ್ದಿಲ್ಲ. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಸದ್ದಿನ ಜತೆ ಕೆಲಸ ಮಾಡೋರಿಗೆ ಇದು ಹಬ್ಬದ ಕಾಲ. ಇಂಥ ಕಾಲಕ್ಕೆ ಸರಿಯಾದ ಹಾಡುಗಾರ ಸ್ಕಾಟ್ ವಾಕರ್. 2019ರ ಮಾರ್ಚ್ 22ರಂದು, 76ನೇ ವಯಸ್ಸಿಗೆ ಅವರು ತೀರಿಕೊಂಡರು.

ಹುಟ್ಟಿದ್ದು 1943ರಲ್ಲಿ, ಅಮೆರಿಕದ ಒಹಾಯೋದಲ್ಲಿ. ನಿಜವಾದ ಹೆಸರು ನೋಯಲ್ ಸ್ಕಾಟ್ ಎಂಗೆಲ್. 1965ರಲ್ಲಿ ಲಂಡನ್ನಿಗೆ ಬಂದ ವಾಕರ್ ಬ್ರದರ್ಸ್ ತಂಡದ ಮೂವರಲ್ಲಿ ಒಬ್ಬರು. ಆ ಮೂವರು ಅಣ್ಣತಮ್ಮಂದಿರೂ ಅಲ್ಲ, ಯಾರ ಮನೆತನದ ಹೆಸರೂ ವಾಕರ್ ಅಲ್ಲ. ಎರಡೇ ವರ್ಷದಲ್ಲಿ ಅವರ ಎರಡು ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿದವು. ಹುಡುಗಿಯರು ಕಿರುಚಿ ಮೂರ್ಛೆ ಹೋಗೋ ಕಾಲ ಅದು.

ಇಂಥವರು ಒಂದು ದಿನ ಪಾಪ್ ಬಿಟ್ಟು ಪ್ರಯೋಗಕ್ಕೆ ಇಳಿದರು ಅನ್ನೋ ಕತೆ ಎಲ್ಲ ಕಡೆ ಓಡಾಡ್ತದೆ. ನಮ್ಮ ಪ್ರಕಾರ ಅದು ಅರ್ಧ ಸತ್ಯ. 1969ರ 'ಸ್ಕಾಟ್ 3' ಆಲ್ಬಂ ತೆಗೀರಿ. ಮೊದಲ ಹಾಡು 'ಇಟ್ಸ್ ರೇನಿಂಗ್ ಟುಡೇ'. ಶುರುವಿನಿಂದಲೇ ಪಿಟೀಲುಗಳು ಮೇಲಿನ ಸ್ಥಾಯಿಯಲ್ಲಿ ಒತ್ತೊತ್ತಾದ ಸ್ವರಗಳನ್ನ ಹಿಡಿದುಕೊಂಡು ಬಿಡೋದೇ ಇಲ್ಲ. ಕೆಳಗೆ ಅವರ ತುಂಬು ದನಿ ಏನೂ ಆಗದವರ ಹಾಗೆ ಹಾಡಿಕೊಂಡು ಹೋಗ್ತದೆ. ನಡುವಿನ ಭಾಗದಲ್ಲಿ ಆ ಕರ್ಕಶ ಎಳೆ ಕರಗಿ, ತಂತಿಗಳು ಇಂಪಾಗಿ ಅರಳ್ತವೆ, ಆಮೇಲೆ ಮತ್ತೆ ಅದೇ ಎಳೆ. ಆ ವಾದ್ಯಸಂಯೋಜನೆ ಆಗ ವಾಲಿ ಸ್ಟಾಟ್ ಅಂತ ಹೆಸರಿದ್ದ ಏಂಜೆಲಾ ಮಾರ್ಲಿಯವರದು. ಮುಂದಿನ 45 ವರ್ಷದ ಕೆಲಸದ ಬೀಜ ಅಲ್ಲೇ ಬಿದ್ದಿದೆ.

ಇದು ಕಿವಿಗೆ ಹತ್ತಬೇಕಾದರೆ ಹಾರ್ಮೋನಿಯಂ ತಗೊಳ್ಳಿ. ಶಿರಸಿ, ಯಲ್ಲಾಪುರ ಕಡೆ ಹಿಂದೂಸ್ತಾನಿ ಕಲಿಯೋರು ಬಹಳ, ಪೆಟ್ಟಿಗೆ ಸಿಗೋದು ಕಷ್ಟ ಅಲ್ಲ. 'ಬಿಳಿ ಒಂದು' ಅನ್ನೋ ಮನೆಯನ್ನ (ಪಾಶ್ಚಾತ್ಯರ C) ಷಡ್ಜ, ಅಂದರೆ ಸ, ಅಂತ ಇಟ್ಕೊಳ್ಳಿ. ತಾರಸ್ಥಾಯಿಯ (ಮೇಲಿನ ಸ್ಥಾಯಿಯ) ಶುದ್ಧ ಮಧ್ಯಮ, ತೀವ್ರ ಮಧ್ಯಮ, ಪಂಚಮ, ಈ ಮೂರು ಮನೆ ಒಟ್ಟಿಗೆ ಒತ್ತಿ ಹಿಡೀರಿ. ಮೊದಲೆರಡರ ಕಂಪನ ಸೆಕೆಂಡಿಗೆ ಸುಮಾರು 698 ಮತ್ತು 740. ಅಂತರ 40ಕ್ಕಿಂತ ತುಸು ಹೆಚ್ಚು, ಅದನ್ನ ಕಿವಿ ಗರಗರ ಅಂತ ಕೇಳ್ತದೆ. ಅದೇ ಮೂರು ಸ್ವರ ಕೆಳಗಿನ ಮಂದ್ರಸ್ಥಾಯಿಯಲ್ಲಿ ಒತ್ತಿದರೆ ಅಂತರ 10ಕ್ಕೆ ಇಳೀತದೆ, ಆಗ ಗರಗರ ಹೋಗಿ ನಾಡಿ ಮಿಡಿದ ಹಾಗೆ ಅಲೆ ಬರ್ತದೆ. ಮಳೆ ಹಾಡಿಗೆ ಬೇಕಾಗಿರೋದು ಮೇಲಿನದ್ದು.

ಇಲ್ಲಿ ಕೆಡೋದು ಗಾಳಿಯಿಂದ. ಮೂರು ಮನೆ ಒಟ್ಟಿಗೆ ತೆರೆದರೆ ಗಾಳಿ ಬೇಗ ಖರ್ಚಾಗ್ತದೆ, ತಿದಿಯನ್ನ ಜೋರಾಗಿ ಎಳೆದರೆ ಸದ್ದು ಉಬ್ಬಿ ಇಳಿದು ತಾಳದ ಹಾಗೆ ಕೇಳ್ತದೆ. ಸಣ್ಣ ಸಣ್ಣ ಎಳೆತ ಇರಲಿ, ಒಂದೇ ಸಾಲಿನ ರೀಡು ಮಾತ್ರ ನುಡಿಯೋ ಹಾಗೆ ಉಳಿದ ಸ್ಟಾಪರ್ (ಪೆಟ್ಟಿಗೆ ಮುಂಭಾಗದ ಗುಂಡಿ) ಒಳಗೆ ತಳ್ಳಿ. ಈಗ ಮಧ್ಯಸ್ಥಾಯಿಯಲ್ಲಿ ಸ, ಗ, ಪ ಅಂತ ಸಮಾಧಾನವಾಗಿ ಹಾಡಿ. ಮೊದಲು ತೀವ್ರ ಮಧ್ಯಮ ಬಿಡಿ, ಆಮೇಲೆ ಶುದ್ಧ ಮಧ್ಯಮ. ಪಂಚಮ ಒಂದೇ ಉಳಿದಾಗ ಹಾಡಿನ ನಡುವಿನ ಆ ಬಿಡುಗಡೆ ಅರ್ಥ ಆಗ್ತದೆ.

'ಸ್ಕಾಟ್ 3' ಬಂದ ವರ್ಷವೇ ಬಂದ 'ಸ್ಕಾಟ್ 4' ಬ್ರಿಟನ್ನಿನ ಜನಪ್ರಿಯ ಆಲ್ಬಂಗಳ ಪಟ್ಟಿಗೇ ಬರಲಿಲ್ಲ. ಆಮೇಲೆ ಹಲವು ವರ್ಷ ಬೇರೆಯವರ ಹಾಡು ಹಾಡಿಕೊಂಡಿದ್ದರು. ಆ ಕಾಲದ ಆಲ್ಬಂಗಳನ್ನ ಬಿಟ್ಟರೂ ನಷ್ಟ ಇಲ್ಲ. ಮತ್ತೆ ಸೇರಿದ್ದ ವಾಕರ್ ಬ್ರದರ್ಸ್‌ನ 1978ರ ಆಲ್ಬಂ 'ನೈಟ್ ಫ್ಲೈಟ್ಸ್'ಗೆ ನಾಲ್ಕು ಹಾಡು ಬರೆದರು. ಅದರಲ್ಲಿ 'ದಿ ಎಲೆಕ್ಟ್ರಿಷಿಯನ್' ಚಿತ್ರಹಿಂಸೆ ಕೊಡುವವನ ಹಾಡು. ಕೆಳಗಿನ ಗುಂಯ್‌ಗುಡುವ ಎಳೆಯ ಮೇಲೆ ತೆವಳಿಕೊಂಡು ಶುರುವಾಗಿ, ನಡುವೆ ಇದ್ದಕ್ಕಿದ್ದಂತೆ ಅತಿ ಸುಂದರವಾದ ತಂತಿವಾದ್ಯ. ಆ ಸೌಂದರ್ಯವೇ ಭಯ ಹುಟ್ಟಿಸೋದು.

1984ರ 'ಕ್ಲೈಮೇಟ್ ಆಫ್ ಹಂಟರ್' ಆಲ್ಬಂ ಹೊತ್ತಿಗೆ ಇನ್ನೊಂದು ಕ್ರಮ ಬಂತು. ನುಡಿಸುವವರಿಗೆ ಹಾಡಿನ ಧಾಟಿಯನ್ನೇ ಕೇಳಿಸಲಿಲ್ಲ. ನಮ್ಮಲ್ಲಿ ಹಾರ್ಮೋನಿಯಂ ಸಾಥಿ ಅಂದರೆ ಗಾಯಕರ ಬೆನ್ನಿಗೇ ಹೋಗೋದು: ಅವರು ತಾನ್ (ಸ್ವರಗಳ ವೇಗದ ಓಟ) ಹೊಡೆದರೆ ಇವರೂ ತಾನ್, ಅವರು ನಿಂತರೆ ಇವರು ಆ ಜಾಗ ತುಂಬಬೇಕು. ವಾಕರ್‌ಗೆ ಬೇಡವಾಗಿದ್ದು ಇದೇ. ಧಾಟಿ ಗೊತ್ತಾದರೆ ವಾದಕರು ಅದನ್ನ ಅಲಂಕರಿಸೋಕೆ ಹೋಗ್ತಾರೆ. ಗೊತ್ತಿಲ್ಲದಿದ್ದರೆ ದನಿ ಒಂಟಿಯಾಗಿ ನಿಲ್ತದೆ.

ಇಬ್ಬರಿದ್ದರೆ ಇದನ್ನೂ ಮಾಡಬಹುದು. ನುಡಿಸುವವರಿಗೆ ಷಡ್ಜ ಮತ್ತು ಸಮಯ ಮಾತ್ರ ಹೇಳಿ, ಎರಡು ನಿಮಿಷ ಅನ್ನಿ. ಅವರ ನುಡಿಸಾಣಿಕೆ ಮೊದಲು ರೆಕಾರ್ಡ್ ಆಗಲಿ. ಆಮೇಲೆ ಇನ್ನೊಬ್ಬರು ಅದನ್ನ ಹೆಡ್‌ಫೋನಿನಲ್ಲಿ ಕೇಳ್ತಾ ಹಾಡಲಿ, ಒಂದೆರಡು ಸಲದಲ್ಲೇ ಮುಗಿಸಿ. ಕೈಯ ರೂಢಿಯಿಂದ ವಾದಕರು ಪದೇ ಪದೇ ಷಡ್ಜಕ್ಕೆ ಬಂದು ಕೂರ್ತಾರೆ. ಆಗ ಅದು ಸಾದಾ ಭಾವಗೀತೆಯೇ ಆಗಿಬಿಡ್ತದೆ. ಷಡ್ಜದ ಮನೆ ಮುಟ್ಟಬಾರದು ಅಂತ ಮೊದಲೇ ಹೇಳಿಡಿ.

'ಟಿಲ್ಟ್' ಆಲ್ಬಂ ಬಂದದ್ದು 1995ರಲ್ಲಿ, 'ದಿ ಡ್ರಿಫ್ಟ್' 2006ರಲ್ಲಿ. 'ದಿ ಡ್ರಿಫ್ಟ್'ನ ಹಾಡು 'ಕ್ಲಾರಾ' ಇಟಲಿಯ ಸರ್ವಾಧಿಕಾರಿ ಮುಸೊಲಿನಿ ಮತ್ತು ಅವನ ಪ್ರೇಯಸಿ ಕ್ಲಾರಾ ಪೆಟಾಚ್ಚಿ ಕುರಿತದ್ದು. 1945ರ ಏಪ್ರಿಲ್‌ನಲ್ಲಿ ಇಬ್ಬರನ್ನೂ ಗುಂಡಿಟ್ಟು ಕೊಂದು, ಮಿಲಾನಿನ ಚೌಕದಲ್ಲಿ ತಲೆಕೆಳಗಾಗಿ ನೇತುಹಾಕಿದರು, ಜನ ಹೆಣಗಳಿಗೆ ಹೊಡೆದರು. ಆ ಸದ್ದಿಗಾಗಿ ಸ್ಟುಡಿಯೋದಲ್ಲಿ ತಾಳವಾದ್ಯಗಾರ ಹಂದಿಮಾಂಸದ ದೊಡ್ಡ ತುಂಡಿಗೆ ಮುಷ್ಟಿಯಿಂದ ಗುದ್ದಿದರು. ಡ್ರಮ್ಮಿಗೆ ತನ್ನದೇ ನಾದ ಇರ್ತದೆ, ಹೊಡೆದ ಮೇಲೂ ಗುಂಯ್ ಅಂತದೆ. ಮಾಂಸ ಹೊಡೆತವನ್ನ ನುಂಗಿಬಿಡ್ತದೆ, ಉಳಿಯೋದು ಹಸಿ ಏಟು ಮಾತ್ರ.

ಮನೆಯಲ್ಲಿ ಅದಕ್ಕೆ ಹತ್ತಿರದ ಸದ್ದು ಬೇಕಾದರೆ, ಗೊನೆ ಕಡಿದ ಬಾಳೆಯ ಕಾಂಡ ಸಿಕ್ಕರೆ ಸಾಕು. ಒಂದೂವರೆ ಅಡಿ ತುಂಡು, ಅದೇ ದಿನ ಕಡಿದದ್ದು. ಒಣಗಿದರೆ ಪದರಗಳು ಬಿಟ್ಟುಕೊಂಡು ಟಪ್ ಟಪ್ ಅಂತವೆ. ಮೇಜಿನ ಮೇಲೆ ಇಟ್ಟರೆ ಮೇಜಿನ ಸದ್ದೇ ಜಾಸ್ತಿ, ಆದ್ದರಿಂದ ನೆಲದ ಮೇಲೆ ಗೋಣಿಚೀಲ ನಾಲ್ಕು ಮಡಿಕೆ ಹಾಕಿ ಅದರ ಮೇಲಿಡಿ. ಫೋನು ಒಂದು ಗೇಣು ದೂರ, ಪಕ್ಕಕ್ಕೆ ಇರಲಿ, ಎದುರಿಗಿದ್ದರೆ ಕೈ ಬೀಸಿದ ಗಾಳಿ ಮೈಕಿಗೆ ಬಡೀತದೆ. ಫೋನಿನ ಸ್ವಯಂಚಾಲಿತ ಮಟ್ಟ ನಿಶ್ಶಬ್ದದಲ್ಲಿ ಸಂವೇದನೆ ಏರಿಸ್ತದೆ, ಮೊದಲ ಏಟು ಒಡೆದು ಬರೋದು ಅದಕ್ಕೇ. ಕೈಯಿಂದ ಮಟ್ಟ ಹೊಂದಿಸೋ ಆ್ಯಪ್ ಬಳಸಿ, ಅತಿ ಜೋರಿನ ಏಟು ಮೈನಸ್ 12 ಡೆಸಿಬಲ್ ದಾಟದಿರಲಿ. ಆಮೇಲೆ ಅಡಾಸಿಟಿ ಅನ್ನೋ ಧ್ವನಿ ತಿದ್ದೋ ತಂತ್ರಾಂಶದಲ್ಲಿ ವೇಗ ಅರ್ಧ ಮಾಡಿ. ಸದ್ದು ಒಂದು ಸ್ಥಾಯಿ ಕೆಳಗಿಳಿದು ಭಾರ ಬರ್ತದೆ.

2012ರ 'ಬಿಶ್ ಬಾಶ್'ನಲ್ಲಿ ಮಚ್ಚುಗಳನ್ನ ಒಂದಕ್ಕೊಂದು ಉಜ್ಜಿದ ತಾಳ ಇದೆ. 2014ರಲ್ಲಿ ಸನ್ ಅನ್ನೋ ಭಾರೀ ಗಿಟಾರ್ ತಂಡದ ಜತೆ 'ಸೌಸ್ಡ್' ಬಂತು. ಹೊಸಬರಿಗೆ ಇವೆರಡನ್ನ ಮೊದಲು ಕೊಡಬೇಡಿ.

ಕೇಳೋ ಕ್ರಮ ಹೀಗಿರಲಿ: ಮೊದಲು ಮಳೆ ಹಾಡು, ಆಮೇಲೆ 'ದಿ ಎಲೆಕ್ಟ್ರಿಷಿಯನ್', ಆಮೇಲೆ 'ಟಿಲ್ಟ್'ನ ಮೊದಲ ಹಾಡು 'ಫಾರ್ಮರ್ ಇನ್ ದ ಸಿಟಿ', ಕೊನೆಗೆ 'ಕ್ಲಾರಾ'. ಫೋನಿನ ಸ್ಪೀಕರಿನಲ್ಲಿ ಕೆಳಗಿನ ಎಳೆ ಬರೋದೇ ಇಲ್ಲ, ಹೆಂಚಿನ ಮೇಲೆ ಮಳೆ ಬೀಳ್ತಿದ್ದರೆ ಮೇಲಿನ ಪಿಟೀಲೂ ಮುಚ್ಚಿಹೋಗ್ತದೆ. ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಬೇಕು. 'ಕ್ಲಾರಾ'ದಲ್ಲಿ ಮೆಲುದನಿ ಕೇಳಿಸಲಿಲ್ಲ ಅಂತ ವಾಲ್ಯೂಮ್ ಏರಿಸಿದರೆ ಮುಂದಿನ ಅಬ್ಬರಕ್ಕೆ ಕಿವಿ ನೋಯ್ತದೆ. ಮೊದಲು ಅತಿ ಜೋರಿನ ಜಾಗ ಹುಡುಕಿ, ಅಲ್ಲಿಗೆ ವಾಲ್ಯೂಮ್ ಹೊಂದಿಸಿ, ಆಮೇಲೆ ಶುರುವಿನಿಂದ ಹಾಕಿ.