ಗಂಜಿ ಕೊಟ್ಟು ಕತೆ ಹೇಳಿದ ನೆಲ್ಲಿ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಬ್ಬ ಮನೆಗೆಲಸದವಳ ಬಗ್ಗೆ. ಹೆಸರು ನೆಲ್ಲಿ ಡೀನ್. ಊರು ಇಂಗ್ಲೆಂಡಿನ ಯಾರ್ಕ್‌ಷೈರ್. ಎಮಿಲಿ ಬ್ರಾಂಟೆ ಬರೆದ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಬಹುಪಾಲನ್ನು ನಮಗೆ ಹೇಳುವವಳು ಇವಳೇ. 1847ರಲ್ಲಿ ಪುಸ್ತಕ ಬಂದಾಗ ಲೇಖಕರ ಹೆಸರು ಎಲ್ಲಿಸ್ ಬೆಲ್ ಅಂತಿತ್ತು. ಮರುವರ್ಷ ಡಿಸೆಂಬರಿನಲ್ಲಿ ಎಮಿಲಿ ತೀರಿಕೊಂಡರು. ಆಗ ಅವರಿಗೆ ಬರೀ 30 ವರ್ಷ.

ಕಾದಂಬರಿ ಶುರುವಾಗುವುದು ನೆಲ್ಲಿಯಿಂದಲ್ಲ. ಮೊದಲು ಬರುವವನು ಲಾಕ್‌ವುಡ್, ಊರಿಗೆ ಹೊಸದಾಗಿ ಬಂದ ಬಾಡಿಗೆದಾರ. ಪಾಪ, ಅವನು ನೋಡಿದ್ದೆಲ್ಲ ತಪ್ಪು. ಮನೆಯೊಡೆಯ ಹೀತ್‌ಕ್ಲಿಫ್‌ನನ್ನು ಭೇಟಿಯಾಗಲು ಹೋಗುತ್ತಾನೆ. ಮೂಲೆಯಲ್ಲಿ ಏನೋ ಮೆತ್ತಗೆ ಗುಡ್ಡೆಯಾಗಿ ಬಿದ್ದಿದೆ. ಬೆಕ್ಕುಗಳು ಅಂದುಕೊಂಡು ಆ ಮನೆಯ ಹುಡುಗಿಯ ಹತ್ತಿರ ಉಪಚಾರದ ಮಾತಾಡುತ್ತಾನೆ. ನೋಡಿದರೆ ಸತ್ತ ಮೊಲಗಳು! ಆ ಹುಡುಗಿಯನ್ನು ಹೀತ್‌ಕ್ಲಿಫ್‌ನ ಹೆಂಡತಿ ಅಂದುಕೊಳ್ಳುತ್ತಾನೆ. ಅವಳು ಅವನ ಸೊಸೆ. ಇಂಥವನ ಕಣ್ಣನ್ನು ನಂಬಿಕೊಂಡು ಎಷ್ಟು ದೂರ ಹೋಗೋಣ?

ಕೊನೆಗೆ ಅವನು ನೆಗಡಿ ಹಿಡಿಸಿಕೊಂಡು ನಡುಗುತ್ತಾ ಮನೆ ಸೇರುತ್ತಾನೆ. ಆ ಮನೆಯನ್ನು ನೋಡಿಕೊಳ್ಳುವ ನೆಲ್ಲಿ ಅವನಿಗೆ ಗಂಜಿ ತಂದು ಕೊಡುತ್ತಾಳೆ. ಹೊಲಿಗೆ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಕತೆ ತೆಗೆಯುತ್ತಾಳೆ. ನಮಗೂ ಹಾಯ್ ಅನ್ನಿಸುತ್ತದೆ. ಗಂಜಿ ಕೊಟ್ಟವಳು ಸುಳ್ಳು ಹೇಳುತ್ತಾಳಾ?

ಇದು ಎಮಿಲಿಯ ಜಾಣತನ. ಹೇಳಬೇಕಾದ ಕತೆ ಹುಚ್ಚು ಕತೆ. ಪ್ರೀತಿಸಿದವಳ ಗೋರಿ ಅಗೆಯುವ ಗಂಡಸು, ಕಿಟಕಿ ಬಡಿಯುವ ದೆವ್ವ. ಇದನ್ನು ಭಾವುಕರೊಬ್ಬರು ಹೇಳಿದ್ದರೆ ನಾವು ನಕ್ಕು ಪುಸ್ತಕ ಮುಚ್ಚಿಡುತ್ತಿದ್ದೆವು. ನೆಲ್ಲಿ ಹೇಳಿದಾಗ ಹಾಗಾಗುವುದಿಲ್ಲ. ಅವಳಿಗೆ ಒಲೆ, ಮಗು, ಊಟದ ಹೊತ್ತು ಇವೇ ಮುಖ್ಯ. ಬ್ರಾಂಟೆ ಮಕ್ಕಳ ಮನೆಯಲ್ಲೂ ಟ್ಯಾಬಿ ಎಂಬ ಹಿರಿಯ ಕೆಲಸದಾಕೆ ಇದ್ದರು, ಮಕ್ಕಳಿಗೆ ಆ ಸೀಮೆಯ ಹಳೇ ಕತೆಗಳನ್ನು ಹೇಳುತ್ತಿದ್ದರು. ಆ ದನಿ ಎಮಿಲಿಯ ಕಿವಿಯಲ್ಲಿ ಉಳಿದಿತ್ತು ಅಂತ ನನ್ನ ಊಹೆ.

ಆದರೆ ನೆಲ್ಲಿ ಸುಮ್ನೆ ನೋಡುತ್ತಾ ಕೂತವಳಲ್ಲ. ಒಂಬತ್ತನೇ ಅಧ್ಯಾಯದ ಅಡುಗೆಮನೆಗೆ ಬನ್ನಿ. ಲಾಕ್‌ವುಡ್ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು. ನೆಲ್ಲಿ ಆ ಮನೆಯ ಮಗು ಹೇರ್‌ಟನ್‌ನನ್ನು ತೂಗುತ್ತಿದ್ದಾಳೆ. ಆ ಮನೆಯ ಮಗಳು, ಹೀತ್‌ಕ್ಲಿಫ್ ಪ್ರೀತಿಸುವ ಕ್ಯಾಥರೀನ್ ಬಂದು ನೆಲದ ಮೇಲೆ ಕೂತು ಗುಟ್ಟು ಬಿಚ್ಚುತ್ತಾಳೆ: ಶ್ರೀಮಂತ ಎಡ್ಗರ್ ಮದುವೆಯಾಗೋಣ ಅಂದಿದ್ದಾನೆ, ನಾನು ಒಪ್ಪಿದ್ದೇನೆ. ಹೀತ್‌ಕ್ಲಿಫ್‌ನನ್ನು ಮದುವೆಯಾದರೆ ನನ್ನ ಮಾನ ಹೋಗುತ್ತದೆ. ಬೆಂಚಿನ ಎತ್ತರದ ಬೆನ್ನು ಅಡ್ಡ ಇದೆ. ಅದರಾಚೆ ಗೋಡೆ ಪಕ್ಕದಲ್ಲಿ ಹೀತ್‌ಕ್ಲಿಫ್ ಇದ್ದಾನೆ. ಕ್ಯಾಥರೀನಿಗೆ ಕಾಣುವುದಿಲ್ಲ. ಮಾನದ ಮಾತು ಕಿವಿಗೆ ಬಿದ್ದದ್ದೇ ಅವನು ಸದ್ದಿಲ್ಲದೆ ಎದ್ದು ಹೊರಟುಬಿಡುತ್ತಾನೆ.

ನೆಲ್ಲಿ ಅದನ್ನು ನೋಡಿದಳು. ಬೆಚ್ಚಿದಳು, ಶ್ ಅಂದಳು. ಯಾಕೆ ಅಂತ ಕ್ಯಾಥರೀನ್ ಕೇಳಿದರೆ ಏನು ಹೇಳಿದಳು ಗೊತ್ತಾ? ಮನೆಯಾಳು ಜೋಸೆಫ್‌ನ ಗಾಡಿ ಬರುತ್ತಿದೆ, ಹೀತ್‌ಕ್ಲಿಫ್ ಅವನ ಜೊತೆ ಒಳಗೆ ಬರಬಹುದು, ಈಗಲೇ ಬಾಗಿಲಲ್ಲಿ ಇದ್ದನೋ ಏನೋ ಅಂತ. ಗಾಡಿ ನಿಜ, ಉಳಿದದ್ದು ಅರೆಸತ್ಯ. ‘ಅವನು ಕೇಳಿಸಿಕೊಂಡು ಹೋದ, ಓಡು’ ಅಂದಿದ್ದರೆ? ಅನ್ನಲಿಲ್ಲ. ಕ್ಯಾಥರೀನ್ ಮಾತು ಮುಂದುವರಿಸಿದಳು. ನಾನೇ ಹೀತ್‌ಕ್ಲಿಫ್ ಅನ್ನುವ ಆ ಪ್ರಸಿದ್ಧ ಮಾತು ಬಂದದ್ದು ಆಮೇಲೆ. ಅಷ್ಟು ಹೊತ್ತಿಗೆ ಕೇಳಬೇಕಾದವನು ಹೋಗಿಯಾಗಿತ್ತು. ಮೂರು ವರ್ಷ ಅವನ ಪತ್ತೆಯೇ ಇಲ್ಲ.

ಈ ಎಳೆ ಹಿಡಿದರೆ ಇನ್ನೂ ಸಿಗುತ್ತವೆ. ಮದುವೆಯಾದ ಮೇಲೆ ಕ್ಯಾಥರೀನ್ ಕೋಣೆ ಬಾಗಿಲು ಹಾಕಿಕೊಂಡು ಅನ್ನ ಬಿಟ್ಟಾಗ, ಎಲ್ಲ ನಾಟಕ ಅಂದುಕೊಂಡು ನೆಲ್ಲಿ ಎಡ್ಗರ್‌ನಿಗೆ ಹೇಳುವುದಿಲ್ಲ. ಹೀತ್‌ಕ್ಲಿಫ್‌ನ ಕಾಗದವನ್ನು ಕ್ಯಾಥರೀನಿಗೆ ಕದ್ದು ತಲುಪಿಸುವವಳೂ ಇವಳೇ. 1850ರ ಮುನ್ನುಡಿಯಲ್ಲಿ ಎಮಿಲಿಯ ಅಕ್ಕ ಶಾರ್ಲೆಟ್ ನೆಲ್ಲಿಯ ಒಳ್ಳೆಯತನವನ್ನು, ನಿಯತ್ತನ್ನು ಹೊಗಳಿದರು. 1958ರಲ್ಲಿ ಜೇಮ್ಸ್ ಹಾಫ್ಲಿ ಎಂಬ ವಿಮರ್ಶಕರು ಕಾದಂಬರಿಯ ಖಳನಾಯಕಿಯೇ ಇವಳು ಅಂದರು. ಖಳನಾಯಕಿ ಅಂದರೆ ಜಾಸ್ತಿಯಾಯಿತು ಅನ್ನುತ್ತೇನೆ. ಬೇರೆಯವರ ಮನೆಯಲ್ಲಿ ದುಡಿಯುವವಳು ಬಾಯಿ ಬಿಡುವ ಮೊದಲು ಹತ್ತು ಸಲ ಯೋಚಿಸುತ್ತಾಳೆ, ಅಲ್ವಾ?

ಈ ತಪ್ಪುಗಳೆಲ್ಲ ನಮಗೆ ಗೊತ್ತಾದದ್ದು ಯಾರಿಂದ ಹೇಳಿ? ಅವಳಿಂದಲೇ! ಅನಾಥ ಹೀತ್‌ಕ್ಲಿಫ್ ಮನೆಗೆ ಬಂದ ಮೊದಲ ರಾತ್ರಿ, ಬೆಳಗಾಗುವುದರೊಳಗೆ ತೊಲಗಿದರೆ ಸಾಕು ಅಂತ ಮಗುವನ್ನು ಮೆಟ್ಟಿಲ ಮೇಲೆ ಮಲಗಿಸಿ ಬಂದದ್ದನ್ನು ಅವಳು ಮುಚ್ಚಿಡಬಹುದಿತ್ತು. ಅದಕ್ಕೆ ಮನೆಯಿಂದ ಹೊರಗೆ ಹಾಕಿಸಿಕೊಂಡದ್ದನ್ನೂ ಹೇಳುತ್ತಾಳೆ. ನನಗೆ ಅವಳ ಮೇಲೆ ನಂಬಿಕೆ ಹುಟ್ಟುವುದು ಇಲ್ಲಿ. ಅವಳ ತೀರ್ಮಾನಗಳನ್ನು ನಾನು ಒಪ್ಪುವುದಿಲ್ಲ. ಅವಳು ಕಂಡದ್ದನ್ನು ನಂಬುತ್ತೇನೆ.

ಕೊನೆಯ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಹೀತ್‌ಕ್ಲಿಫ್ ಸತ್ತಿದ್ದಾನೆ. ಅವನ ದೆವ್ವ ಓಡಾಡುತ್ತದೆ ಅಂತ ಊರವರ ಮಾತು. ಸಂಜೆಗತ್ತಲಲ್ಲಿ ನೆಲ್ಲಿಗೆ ಕುರಿ ಕಾಯುವ ಹುಡುಗನೊಬ್ಬ ಎದುರಾಗುತ್ತಾನೆ. ಅಳುತ್ತಿದ್ದಾನೆ. ಅಲ್ಲಿ ಹೀತ್‌ಕ್ಲಿಫೂ ಒಬ್ಬ ಹೆಂಗಸೂ ಇದ್ದಾರೆ, ದಾಟಿ ಹೋಗಲಾರೆ ಅನ್ನುತ್ತಾನೆ. ಕುರಿಗಳೂ ಕದಲುತ್ತಿಲ್ಲ. ನೆಲ್ಲಿಗೆ ಏನೂ ಕಾಣಲಿಲ್ಲ. ಹುಡುಗ ಯಾರದೋ ಮಾತು ಕೇಳಿ ಹೆದರಿರಬೇಕು ಅನ್ನುತ್ತಾಳೆ. ಅದೇ ಉಸಿರಿನಲ್ಲಿ ಇನ್ನೊಂದು ಮಾತು ಸೇರಿಸುತ್ತಾಳೆ. ಕತ್ತಲಾದ ಮೇಲೆ ಹೊರಗಿರುವುದು ನನಗೀಗ ಬೇಡ, ಈ ಮನೆಯಲ್ಲಿ ಒಬ್ಬಳೇ ಇರುವುದೂ ಬೇಡ.