ಬಾಸ್ಟನ್ನಿನ ಪತ್ರ ಸಮಿತಿ

ಕೇಳುಗರಿಗೆಲ್ಲ ನಮಸ್ಕಾರ.

ಅಮೆರಿಕದ ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ ಕಥೆ. ಬಾಸ್ಟನ್ ಬಂದರಿನಲ್ಲಿ ಚಹಾ ಸಮುದ್ರಕ್ಕೆ ಸುರಿದರು, ಆಮೇಲೆ ಯುದ್ಧ ಆಯಿತು, ಜಾರ್ಜ್ ವಾಷಿಂಗ್ಟನ್ ಗೆದ್ದರು. ಪರೀಕ್ಷೆಗೆ ಇಷ್ಟು ಸಾಕಾಗಬಹುದು. ಆದರೆ ಸಿಟ್ಟು ಬಂದ ಜನ ಒಂದು ರಾತ್ರಿ ಎದ್ದು ಸಾಮ್ರಾಜ್ಯವನ್ನೇ ಅಲುಗಾಡಿಸಿಬಿಟ್ಟರು ಅಂದರೆ ನಾನು ಒಪ್ಪುವುದಿಲ್ಲ. ಅವರು ಮೊದಲು ಸಮಿತಿ ಕಟ್ಟಿದರು. ಊರಿಂದ ಊರಿಗೆ ಕಾಗದ ಬರೆದರು. ಇವತ್ತು ನೀವು ನೆನಪಿಡಬೇಕಾದದ್ದು ಇದೊಂದೇ ವಿಷಯ.

1765ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸ್ಟ್ಯಾಂಪ್ ಕಾಯಿದೆ ತಂದಿತು. ಪತ್ರಿಕೆ, ಕೋರ್ಟಿನ ಕಾಗದ, ಕೊನೆಗೆ ಇಸ್ಪೀಟ್ ಎಲೆಗೂ ತೆರಿಗೆ! ಆ ಪಾರ್ಲಿಮೆಂಟಿನಲ್ಲಿ ಅಮೆರಿಕದ ವಸಾಹತುಗಳು ಆರಿಸಿ ಕಳಿಸಿದವರು ಒಬ್ಬರೂ ಇರಲಿಲ್ಲ. ನಮ್ಮನ್ನು ಕೇಳದೆ ನಮ್ಮ ಜೇಬಿಗೆ ಕೈ ಹಾಕೋಕೆ ಇವರು ಯಾರು ಅಂತ ಜನ ಎದ್ದು ನಿಂತರು. ವರ್ತಕರು ಇಂಗ್ಲೆಂಡಿನ ಸರಕು ತರಿಸುವುದನ್ನು ನಿಲ್ಲಿಸಿದರು. ಮರುವರ್ಷ ಕಾಯಿದೆ ರದ್ದಾಯಿತು. ಆಮೇಲೆ ಗಾಜು, ಬಣ್ಣ, ಕಾಗದ, ಚಹಾದ ಮೇಲೆ ಸುಂಕ ಬಂತು. ಮತ್ತೆ ಬಹಿಷ್ಕಾರ. 1770ರಲ್ಲಿ ಚಹಾ ಒಂದನ್ನು ಬಿಟ್ಟು ಉಳಿದ ಸುಂಕ ತೆಗೆದರು. ತಕ್ಷಣ ಜನರ ಒಗ್ಗಟ್ಟೂ ಸಡಿಲವಾಯಿತು.

ಬಾಸ್ಟನ್ನಿನ ನಾಯಕ ಸ್ಯಾಮ್ಯುಯೆಲ್ ಆಡಮ್ಸ್ ಅವರಿಗೆ ಇದು ಅರ್ಥವಾಗಿತ್ತು. ಗವರ್ನರಿಗೂ ನ್ಯಾಯಾಧೀಶರಿಗೂ ಇನ್ನು ಮೇಲೆ ರಾಜನ ಕಡೆಯಿಂದಲೇ ಸಂಬಳ, ಅಂದರೆ ಅವರ ಮೇಲೆ ಜನರ ಹಿಡಿತ ಇರೋದಿಲ್ಲ ಅಂತ ಸುದ್ದಿ ಬಂದಾಗ, 1772ರ ನವೆಂಬರ್ 2ರಂದು ಬಾಸ್ಟನ್ನಿನ ಊರ ಸಭೆ 21 ಜನರ ಪತ್ರ ಸಮಿತಿ ಮಾಡಿತು. ನಮ್ಮ ಹಕ್ಕುಗಳೇನು, ಅವು ಎಲ್ಲೆಲ್ಲಿ ಮುರಿದಿವೆ ಅಂತ ಬರೆದು, 600 ಪ್ರತಿ ಅಚ್ಚು ಹಾಕಿಸಿ ಊರೂರಿಗೆ ಕಳಿಸಿದರು. ಜೊತೆಗೆ ಒಂದು ಪ್ರಶ್ನೆ: ನೀವೇನಂತೀರಿ? ನನಗೆ ಬಹಳ ಇಷ್ಟವಾಗೋದು ಈ ಪ್ರಶ್ನೆ. ರೈತರ ಊರುಗಳಲ್ಲಿ ಸಭೆ ಸೇರಿತು. ಕಾಗದವನ್ನು ಗಟ್ಟಿಯಾಗಿ ಓದಿದರು, ಚರ್ಚೆ ಮಾಡಿದರು, ಉತ್ತರ ಬರೆದರು. ಕೆಲವೇ ತಿಂಗಳಲ್ಲಿ ನೂರಕ್ಕೂ ಜಾಸ್ತಿ ಊರುಗಳಿಂದ ಉತ್ತರ ಬಂತು. ಅಲ್ಲೆಲ್ಲ ಸಮಿತಿಗಳು ಹುಟ್ಟಿಕೊಂಡವು.

ಈಗ ಚಹಾದ ಕಥೆಗೆ ಬರೋಣ. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಾಲದಲ್ಲಿ ಮುಳುಗಿತ್ತು. ಹೌದು, ನಮ್ಮ ಹೈದರಾಲಿಯ ಜೊತೆ ನಾಲ್ಕು ವರ್ಷ ಮೊದಲು ಒಂದು ಯುದ್ಧ ಮಾಡಿ ಮುಗಿಸಿದ್ದ ಅದೇ ಕಂಪನಿ. ಗೋದಾಮು ತುಂಬ ಚಹಾ ಬಿದ್ದಿತ್ತು. ಅದನ್ನು ಅಮೆರಿಕದಲ್ಲಿ ನೇರವಾಗಿ ಮಾರಲು ಪಾರ್ಲಿಮೆಂಟು ದಾರಿ ಮಾಡಿಕೊಟ್ಟಿತು, ಆದರೆ ಚಹಾದ ಸುಂಕ ಹಾಗೇ ಉಳಿಯಿತು. ನವೆಂಬರ್ 28ಕ್ಕೆ ಡಾರ್ಟ್‌ಮತ್ ಅನ್ನೋ ಹಡಗು ಬಾಸ್ಟನ್ನಿಗೆ ಬಂತು. ಇಪ್ಪತ್ತು ದಿನದೊಳಗೆ ಸುಂಕ ಕಟ್ಟದಿದ್ದರೆ ಸರಕು ಸುಂಕದ ಅಧಿಕಾರಿಗಳ ಪಾಲು. ಸುತ್ತಲಿನ ಊರುಗಳ ಸಮಿತಿಗಳೂ ಬಾಸ್ಟನ್ನಿನ ಜೊತೆ ಕೂಡಿದವು. ಕದ್ದು ಚಹಾ ಇಳಿಸದಂತೆ ಹಡಗಿಗೆ 25 ಜನರ ಕಾವಲು ಹಾಕಿದರು. ಇದೆಲ್ಲ ಹುಚ್ಚು ಆವೇಶದಲ್ಲಿ ಆಗೋ ಕೆಲಸವೇ?

ಕೊನೆಯ ಗಡುವಿನ ಹಿಂದಿನ ದಿನ, ಡಿಸೆಂಬರ್ 16. ಓಲ್ಡ್ ಸೌತ್ ಸಭಾಮಂದಿರದಲ್ಲಿ ಸಾವಿರಾರು ಜನ. ಹಡಗಿನ ಮಾಲೀಕ ಫ್ರಾನ್ಸಿಸ್ ರಾಚ್ ಅವರನ್ನು ಗವರ್ನರ್ ಹಚಿನ್ಸನ್ ಹತ್ತಿರ ಕಳಿಸಿದರು: ಚಹಾ ಸಮೇತ ಹಡಗು ವಾಪಸ್ ಹೋಗೋಕೆ ಪರವಾನಗಿ ಕೊಡಿ, ಅಷ್ಟೇ. ಗವರ್ನರ್ ಇದ್ದದ್ದು ಮಿಲ್ಟನ್ನಿನ ಮನೆಯಲ್ಲಿ, ಊರಾಚೆ. ಚಳಿಗಾಲ. ಜನ ಎದ್ದು ಹೋಗಲಿಲ್ಲ, ಕಾದರು. ಕತ್ತಲಾದ ಮೇಲೆ ರಾಚ್ ಬಂದು, ಗವರ್ನರ್ ಇಲ್ಲ ಅಂದರು ಅಂತ ತಿಳಿಸಿದರು. ಆಮೇಲೆಯೇ ಮುಖಕ್ಕೆ ಮಸಿ ಬಳಿದುಕೊಂಡವರು ಗ್ರಿಫಿನ್ಸ್ ಧಕ್ಕೆಗೆ ಹೋದದ್ದು. ಅಷ್ಟರಲ್ಲಿ ಅಲ್ಲಿ ಮೂರು ಹಡಗು ಸೇರಿದ್ದವು. ಸುಮಾರು ಮೂರು ಗಂಟೆಯಲ್ಲಿ 342 ಪೆಟ್ಟಿಗೆ ನೀರಿಗೆ ಬಿದ್ದವು. ಬೇರೆ ಸರಕು ಮುಟ್ಟಲಿಲ್ಲ. ಹಡಗಿನವರ ಒಂದು ಬೀಗ ಒಡೆದದ್ದಕ್ಕೆ ಹೊಸ ಬೀಗ ತಂದುಕೊಟ್ಟರು! ಕೋಟಿನೊಳಗೆ ಚಹಾ ತುಂಬಿಕೊಳ್ಳಲು ಹೋದ ಒಬ್ಬನನ್ನು ಅವರೇ ಹಿಡಿದು, ಕೋಟು ಕಿತ್ತು ಓಡಿಸಿದರು. ಇದನ್ನು ದೊಂಬಿ ಅಂತ ಬರೆಯುವ ಪುಸ್ತಕ ಕಂಡರೆ ನನಗೆ ನಿಜಕ್ಕೂ ಬೇಜಾರಾಗುತ್ತೆ. ಮರುದಿನವೇ ಪಾಲ್ ರಿವಿಯರ್ ಸಮಿತಿಯ ಕಾಗದ ಹಿಡಿದು ಕುದುರೆ ಹತ್ತಿ ನ್ಯೂಯಾರ್ಕಿಗೆ, ಫಿಲಡೆಲ್ಫಿಯಾಗೆ ಹೊರಟರು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಚಹಾ ಸುರಿದದ್ದಕ್ಕೆ ಶಿಕ್ಷೆಯಾಗಿ 1774ರ ಜೂನಿನಲ್ಲಿ ಬ್ರಿಟಿಷರು ಬಾಸ್ಟನ್ ಬಂದರು ಮುಚ್ಚಿದರು. ಊರು ಉಪವಾಸ ಬೀಳಲಿ ಅಂತ. ಕೆರೊಲೈನಾದಿಂದ ಅಕ್ಕಿ ಬಂತು, ಮಾರ್ಬಲ್‌ಹೆಡ್‌ನಿಂದ ಮೀನು ಬಂತು, ಕನೆಕ್ಟಿಕಟ್‌ನಿಂದ ಕುರಿ ಮಂದೆಯನ್ನೇ ಹೊಡೆದುಕೊಂಡು ಬಂದರು. ಯಾರಿಗೆ ಏನು ಬೇಕು ಅನ್ನೋದು ಹೇಗೆ ಗೊತ್ತಾಯಿತು? ಕಾಗದದಿಂದ. ಸೆಪ್ಟೆಂಬರಿನಲ್ಲಿ 12 ವಸಾಹತುಗಳು ಫಿಲಡೆಲ್ಫಿಯಾದಲ್ಲಿ ಸೇರಿ, ಬ್ರಿಟಿಷ್ ಸರಕು ಬೇಡ ಅಂತ ತೀರ್ಮಾನಿಸಿದವು. ಅದನ್ನು ನೋಡಿಕೊಳ್ಳೋಕೆ ಪ್ರತಿ ಊರಿಗೂ ಚುನಾಯಿತ ಸಮಿತಿ. ನಾರ್ತ್ ಕೆರೊಲೈನಾದ ಈಡನ್‌ಟನ್ನಿನಲ್ಲಿ 51 ಹೆಂಗಸರು ಈ ಬಹಿಷ್ಕಾರಕ್ಕೆ ಬೆಂಬಲವಾಗಿ ತಮ್ಮ ಹೆಸರು ಬರೆದು ಸಹಿ ಹಾಕಿದರು. ಅವರ ಬಗ್ಗೆಯೇ ಇನ್ನೊಂದು ಭಾಷಣ ಬೇಕು.

1775ರ ಏಪ್ರಿಲ್ 19ರಂದು ಬಾಸ್ಟನ್ ಹತ್ತಿರದ ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರಿತು. ಅದೇ ದಿನ ಬೆಳಿಗ್ಗೆ ವಾಟರ್‌ಟೌನಿನಲ್ಲಿ ಸಮಿತಿಯವರೊಬ್ಬರು ಚಿಕ್ಕದಾಗಿ ಸುದ್ದಿ ಬರೆದು ಸವಾರನ ಕೈಗೆ ಕೊಟ್ಟರು. ದಾರಿಯ ಊರುಗಳಲ್ಲಿ ಸಮಿತಿಯವರು ಅದನ್ನು ನಕಲು ಮಾಡಿಕೊಂಡು, ಸಹಿ ಹಾಕಿ, ಮುಂದಕ್ಕೆ ಕಳಿಸಿದರು. ನ್ಯೂಯಾರ್ಕ್ ದಾಟಿ ಆ ಕಾಗದ 24ರ ಸಂಜೆ ಫಿಲಡೆಲ್ಫಿಯಾ ತಲುಪಿತು.

ನಮಸ್ಕಾರ.